ಕರುಣಾಕರರ ಬಲಗೈ

೨೦೨೩ರ ಡಿಸೆಂಬರ್. ಪುಣೆಯ ಕ್ಯಾಂಪ್ ಭಾಗದ ಒಂದು ಕಲರ್ ಲ್ಯಾಬಿನಲ್ಲಿ ನಾನು ಹಿರಿಯ ರಿಟಚರ್. ರಿಟಚರ್ ಎಂದರೆ ಫೋಟೋ ತಿದ್ದುವವನು. ಬಿರುಕು ಮುಚ್ಚುವುದು, ಮಸುಕಾದ ಮುಖಕ್ಕೆ ಬೆಳಕು ಕೊಡುವುದು, ಕ್ಲಿಕ್ಕಿನ ಹೊತ್ತಿಗೆ ಕಣ್ಣು ಮುಚ್ಚಿಕೊಂಡ ಬೀಗರ ಕಣ್ಣು ತೆರೆಸುವುದು, ಇವೆಲ್ಲ ನನ್ನ ಕೆಲಸ. ಹುಬ್ಬಳ್ಳಿಯಿಂದ ಬರುವಾಗ ಎರಡು ಆಸ್ತಿ ತಂದಿದ್ದೆ: ಕೈಯ ಹದ ಒಂದು, ಚಿಂತೆ ಮಾಡುವ ಚಟ ಇನ್ನೊಂದು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್‌ಸ್ಟಾಪಿನಿಂದ ನಿಗಡಿಯ ಮನೆಗೆ ವಾಪಸು ಓಡಿದ್ದಕ್ಕೆ ಲೆಕ್ಕವಿಲ್ಲ. ಬೀಗದ ಚಿಂತೆಯಲ್ಲಿ ಒಮ್ಮೆ ಹೆಂಡತಿ ಒಳಗಿರುವಾಗಲೇ ಹೊರಗಿನಿಂದ ಬೀಗ ಜಡಿದು ಬಂದಿದ್ದೇನೆ. ಆ ಮಾತು ನಮ್ಮ ಮನೆಯಲ್ಲಿ ಇನ್ನೂ ಹಳೆಯದಾಗಿಲ್ಲ.

ಆ ತಿಂಗಳ ಒಂದು ಮಂಗಳವಾರ ಗ್ರೇಸ್ ಎಂಬ ನಿವೃತ್ತ ನರ್ಸ್ ಒಂದು ಆಲ್ಬಮ್ಮು, ಒಂದು ಪೆನ್ ಡ್ರೈವ್ ತಂದರು. ಅವರ ತಂದೆ ಐಸಾಕ್ ಕರುಣಾಕರ ಹಿಂದಿನ ತಿಂಗಳು ತೀರಿಕೊಂಡಿದ್ದರು. ತೊಂಬತ್ತಮೂರು ವರ್ಷ. ಗದಗ ಕಡೆಯ ಕ್ರೈಸ್ತ ಮನೆತನ. ಪಿಂಪ್ರಿ ಹತ್ತಿರದ ಕಾರ್ಖಾನೆಯೊಂದರಲ್ಲಿ ಗೇಜ್ ಇನ್‌ಸ್ಪೆಕ್ಟರ್ ಆಗಿದ್ದವರು. ಯಂತ್ರದ ಬಿಡಿಭಾಗದ ಅಳತೆ ಕೂದಲೆಳೆಯಷ್ಟು ತಪ್ಪಿದರೂ ತಿರಸ್ಕರಿಸುವ ಕೆಲಸ ಅದು. ಭಾನುವಾರ ಚರ್ಚಿನಲ್ಲಿ ಅವರ ಸ್ಮರಣೆಯ ಆರಾಧನೆ ಇತ್ತು.

"ಪಪ್ಪಾ ಪ್ರತಿ ಕ್ರಿಸ್ಮಸ್ಸಿಗೆ ಚರ್ಚಿನ ಮೆಟ್ಟಲ ಮ್ಯಾಲೆ ಇಡೀ ಮನಿಮಂದೀದು ಒಂದು ಫೋಟೋ ತಗಸ್ತಿದ್ರು. ಅರವತ್ತರಿಂದ ಹೋದ ವರ್ಷದ ತನಕ ಅರವತ್ಮೂರು ಅದಾವ. ಎಲ್ಲಾ ಕೂಡಿಸಿ ಒಂದು ಪುಸ್ತಕ ಮಾಡ್ರಿ. ಕಡೇದನ್ನ ದೊಡ್ಡದು ಮಾಡಿ ಕೊಡ್ರಿ, ವೇದಿ ಮುಂದ ಇಡಬೇಕು" ಎಂದರು ಗ್ರೇಸ್.

ದೊಡ್ಡದೇ ಅವಸರದ್ದೆಂದು ಬುಧವಾರ ಅದನ್ನೇ ಹಿಡಿದೆ. ಒಂಬತ್ತು ಮಂದಿಯ ಗುಂಪು. ನಡುವೆ ಕರುಣಾಕರರು: ಹಳೆಯ ಕಂದು ಕೋಟು, ಎಡಗೈಯಲ್ಲಿ ಕೋಲು. ದೇಹ ಬಲಕ್ಕೆ ವಾಲಿತ್ತು. ಬಲಗೈ ಭುಜದ ಮಟ್ಟದಲ್ಲಿ ಗಾಳಿಯಲ್ಲಿ ಚಾಚಿತ್ತು. ಆ ಕೈಯ ಕೆಳಗೆ ಒಬ್ಬರು ನಿಲ್ಲುವಷ್ಟು ಜಾಗ ಖಾಲಿ; ಅದರಾಚೆ ಅವರ ಹೆಂಡತಿ. ಮುದುಕರು ಆಯ ತಪ್ಪಿದ ಗಳಿಗೆಯಲ್ಲಿ ಯಾರೋ ಕ್ಲಿಕ್ ಮಾಡಿದ್ದಾರೆ ಎಂದುಕೊಂಡೆ. ನಮ್ಮ ವೃತ್ತಿಯಲ್ಲಿ ಇದಕ್ಕೆ ಸಿದ್ಧ ಔಷಧ ಉಂಟು. ಗುಂಪಿನ ನಡುವಿನ ಸಂದನ್ನು ಮುಚ್ಚಿ ಜನರನ್ನು ಹತ್ತಿರ ತರುವುದಕ್ಕೆ ಗ್ಯಾಪ್ ಕ್ಲೋಸಿಂಗ್ ಎನ್ನುತ್ತೇವೆ. ಮುದುಕರನ್ನು ನೆಟ್ಟಗೆ ನಿಲ್ಲಿಸಿದೆ, ಕೈ ಇಳಿಸಿದೆ, ಹೆಂಡತಿಯನ್ನು ಪಕ್ಕಕ್ಕೆ ತಂದೆ. ಮಾಲೀಕರು ಇಣುಕಿ, "ವಾ, ಮಸ್ತ!" ಎಂದರು. ನಾನು ಉಬ್ಬಿದೆ.

ಗುರುವಾರ ಹಳೆಯ ಪ್ರಿಂಟುಗಳನ್ನು ಒಂದೊಂದಾಗಿ ಸ್ಕ್ಯಾನ್ ಮಾಡುತ್ತ ಬಂದೆ. ಒಂದು ಆಯುಷ್ಯವೇ ಪರದೆಯ ಮೇಲೆ ನಡೆದುಹೋಯಿತು. ಅದೇ ಮೆಟ್ಟಿಲು, ಅದೇ ಕಲ್ಲಿನ ಬಾಗಿಲು, ಅದೇ ಕೋಟು. ಎಡಗೈಯಲ್ಲಿ ಬೈಬಲ್. ಮೂವರು ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಬಂದು ನಿಂತರು, ಜಡೆ ಬೆಳೆಯಿತು, ಅಳಿಯಂದಿರು ಬಂದರು, ಮೊಮ್ಮಕ್ಕಳು ಬಂದರು. ಕೋಟಿನ ಗುಂಡಿ ಹೊಟ್ಟೆಗೆ ಸೋತು ಕೆಲವು ವರ್ಷ ಬಿಚ್ಚಿಕೊಂಡಿತು, ಮುಪ್ಪಿನಲ್ಲಿ ಮತ್ತೆ ಹಾಕಿಕೊಂಡಿತು.

ಬಣ್ಣ ತಿದ್ದಲೆಂದು ಮೊದಲಿನಿಂದ ಮತ್ತೆ ತೆರೆಯುತ್ತ ಹೋದಾಗ, ೧೯೭೦ರ ಆಸುಪಾಸಿನ ಫೋಟೋ ಬಂದಾಗ ನನ್ನ ಕೈ ಮೌಸಿನ ಮೇಲೆ ನಿಂತಿತು. ಅಲ್ಲೂ ಬಲಗೈ ಗಾಳಿಯಲ್ಲಿತ್ತು. ಅಂಗೈ ಕೆಳಮುಖ, ಬೆರಳು ತುಸು ಬಾಗಿವೆ. ಅಡಿಯಲ್ಲಿ ಏನೂ ಇಲ್ಲ. ಹಿಂದಕ್ಕೆ ಹೋದೆ. ಪ್ರತಿ ವರ್ಷವೂ ಇತ್ತು. ಆದರೆ ಹಿಂದೆ ಹೋದಂತೆ ಕೈ ಇಳಿಯುತ್ತಿತ್ತು. ಅರವತ್ತರ ಮೊದಲ ಫೋಟೋದಲ್ಲಿ, ಮೂವತ್ತರ ಹರೆಯದ ಆ ಗಂಡಸು ಬಲಕ್ಕೆ ಬಾಗಿ, ಮೊಣಕಾಲಿಗಿಂತ ಒಂದು ಗೇಣು ಮೇಲೆ, ಏನೂ ಇಲ್ಲದ ಕಡೆ ಅಂಗೈ ಇಟ್ಟು ನಿಂತಿದ್ದರು.

ಮಟಮಟ ಮಧ್ಯಾಹ್ನ, ಹೊರಗೆ ರಿಕ್ಷಾದವರ ಜಗಳ. ಆದರೂ ಎದ್ದು ಕೋಣೆಯ ದೀಪಗಳನ್ನೆಲ್ಲ ಹಾಕಿದೆ. ಚಿಂತೆಯ ಮನುಷ್ಯ ಮೊದಲು ಕೆಟ್ಟದ್ದನ್ನೇ ನೆನೆಯುತ್ತಾನಲ್ಲ, ಯಾರನ್ನೋ ಅಳಿಸಿದ್ದಾರೆ ಎಂದುಕೊಂಡೆ. ಹಿಂದಿನ ಕಾಲದಲ್ಲಿ ಫೋಟೋದಿಂದ ಮನುಷ್ಯನನ್ನು ತೆಗೆಯಲು ಬ್ಲೇಡಿನಿಂದ ಕೆರೆದು ಬಣ್ಣ ಹಚ್ಚುತ್ತಿದ್ದರು. ಭೂತಗನ್ನಡಿ ಹಿಡಿದರೆ ಗೀರು ಕಂಡೇ ಕಾಣುತ್ತದೆ. ಇಪ್ಪತ್ತು ಪ್ರಿಂಟುಗಳಿಗೆ ಗಾಜು ಹಿಡಿದೆ. ಒಂದು ಗೀರೂ ಇರಲಿಲ್ಲ. ಹಿಂದಿನ ಕಲ್ಲು, ಬಾಗಿಲ ಸಂದು ಎಲ್ಲ ಸ್ವಚ್ಛ. ಅಲ್ಲಿ ಎಂದೂ ಯಾರೂ ನಿಂತಿರಲಿಲ್ಲ.

ಬಾಗಿಲ ಚೌಕಟ್ಟಿನ ಕಲ್ಲುಗಳನ್ನೇ ಅಳತೆಗೋಲು ಮಾಡಿಕೊಂಡು ಕೈಯ ಎತ್ತರ ಅಳೆದೆ. ಇನ್ನಷ್ಟು ಹೆದರಿದೆ. ಏರಿಕೆ ಒಂದೇ ಸಮ ಇರಲಿಲ್ಲ. ಒಂದು ಎರಡು ವರ್ಷ ಹೆಚ್ಚುಕಡಿಮೆ ಅಲ್ಲೇ ನಿಂತಿದೆ, ಮತ್ತೆ ಒಂದೇ ವರ್ಷಕ್ಕೆ ಅರ್ಧ ಗೇಣು ಜಿಗಿದಿದೆ. ಎಪ್ಪತ್ತರ ದಶಕದ ಕೊನೆಗೆ ಭುಜಕ್ಕೆ ಬಂದು ನಿಂತದ್ದು ಮುಂದೆ ಏರಲೇ ಇಲ್ಲ.

ಅಂದು ಮನೆಯಲ್ಲಿ ಊಟ ಬಿಟ್ಟು ಆ ಕೈಯ ಕತೆಯನ್ನೇ ಹೇಳುತ್ತ ಕೂತೆ. "ಈಗ ಫೋಟೋದಾಗಿನ ಗ್ಯಾಸೂ ಬಂದ್ ಮಾಡೂದೈತೇನು?" ಎಂದಳು ಹೆಂಡತಿ.

ಶುಕ್ರವಾರ ಗ್ರೇಸ್ ಅವರಿಗೆ ಫೋನ್ ಮಾಡಿ, ದೊಡ್ಡ ಪ್ರಿಂಟ್ ಒಮ್ಮೆ ನೋಡಿಹೋಗಿ ಎಂದೆ. ಕೈಯ ಮಾತು ಎತ್ತಲು ಧೈರ್ಯವಾಗಲಿಲ್ಲ. ಅವರು ತಾಯಿಯನ್ನೂ ಕರೆತಂದರು. ಸುಗುಣಾಬಾಯಿಯವರಿಗೆ ತೊಂಬತ್ತರ ಹತ್ತಿರ, ಬೆಳ್ಳಗಿನ ಸೀರೆ, ಕಣ್ಣು ಮಾತ್ರ ಸೂಜಿ. ಪ್ರಿಂಟಿನ ಮುಂದೆ ಕೂತು ಬಹಳ ಹೊತ್ತು ನೋಡಿದರು.

"ರೀ, ಇದರಾಗ ನಮ್ಮನಿಯವರು ಬಿದ್ದ ಬಿಡ್ತಾರಲ್ರಿ."

"ಇಲ್ರಿ ಅಮ್ಮಾರ, ನೆಟ್ಟಗ ನಿಲ್ಲಿಸೇನ್ರಿ."

"ನೆಟ್ಟಗ ನಿಲ್ಲೂ ಶಕ್ತಿ ಎಲ್ಲಿತ್ರಿ ಅವರಿಗೆ? ಹಿಡಕೊಂಡಾಂವನ್ನ ಎಲ್ಲಿ ಕಳಿಸಿದ್ರಿ?"

ನಾನು ಗ್ರೇಸ್ ಮುಖ ನೋಡಿದೆ. ಅವರು ಮೆಲ್ಲಗೆ, "ಯೋಹಾನ. ನಮ್ಮಣ್ಣ. ಅರವತ್ತರಾಗ ಜ್ವರ ಬಂದು ಹೋದ, ಹನ್ನೊಂದು ತಿಂಗಳ ಕೂಸು" ಎಂದರು. ಮಗು ಸತ್ತ ವರ್ಷವೇ ಕ್ರಿಸ್ಮಸ್ ಫೋಟೋ ಶುರುವಾದದ್ದು. ದೇವರ ಹತ್ತಿರ ಹೋದ ಕೂಸು ಕೂಸಾಗಿಯೇ ಉಳಿಯುವುದಿಲ್ಲ, ಅಲ್ಲೂ ಬೆಳೆಯುತ್ತದೆ ಎಂದು ಕರುಣಾಕರರು ನಂಬಿದ್ದರಂತೆ. ಸಂಜೆಯ ಪ್ರಾರ್ಥನೆಯಲ್ಲಿ ಮಕ್ಕಳ ಹೆಸರು ಹೇಳುವಾಗ ಮೊದಲ ಹೆಸರು ಅವನದೇ.

"ಯೋಹಾನಂದು ಬ್ಯಾರೆ ಫೋಟೋ ಇಲ್ರಿ. ಇಷ್ಟ ಇರೂದು" ಎಂದರು ಸುಗುಣಾಬಾಯಿ.

ಆದರೂ ಕೇಳದಿರಲಾಗಲಿಲ್ಲ. "ಅಮ್ಮಾರ, ಒಂದೊಂದು ವರ್ಷ ಕೈ ಏರೇ ಇಲ್ಲ, ಒಂದು ವರ್ಷ ಒಮ್ಮಿಗೇ ಏರೇದ. ಯಾಕ್ರಿ?"

"ಹುಡುಗೂರು ವರ್ಷಾ ಒಂದ ಸಮಾ ಬೆಳಿತಾವೇನ್ರಿ? ನಿಮಗ ಮಕ್ಕಳಿಲ್ಲೇನು?"

"ಒಬ್ಬಾಕಿ ಮಗಳದಾಳ್ರಿ."

"ಮತ್ತ?"

ಹೆದರಿಕೆ ಮುಚ್ಚಲು ನಗೆಯಾಡಿದೆ. "ದೊಡ್ಡಾಂವ ಆದ ಮ್ಯಾಲೂ ಜಾಗಾ ಒಬ್ಬಾಂವಗ ಆಗೂವಷ್ಟ ಅದಲ್ರಿ. ಸೊಸಿಗೆ ಬಿಡಲಿಲ್ಲೇನು?"

"ಅಲ್ಲಿ ಮದವಿ-ಗಿದವಿ ಇಲ್ಲಂತ ಬೈಬಲ್‌ನಾಗ ಅದ ರೀ. ನಮ್ಮವರು ಶಾಸ್ತ್ರ ಬಿಟ್ಟು ಹೋಗೂ ಪೈಕಿ ಅಲ್ಲ" ಎಂದರು ಅಜ್ಜಿ, ನಗದೆ.

ಹೊರಡುವಾಗ ಗ್ರೇಸ್ ಇನ್ನೊಂದು ಮಾತು ಹೇಳಿದರು. ಆ ಕೊನೆಯ ಕ್ರಿಸ್ಮಸ್ಸಿಗೆ ಇಬ್ಬರು ಹಿಡಿಯದೆ ತಂದೆ ನಿಲ್ಲುತ್ತಿರಲಿಲ್ಲವಂತೆ. "ಬಿಡ್ರಿ ಅಂದ್ರು. ಬಿಟ್ವಿ. ಕೈ ಚಾಚಿ ಬಲಕ್ಕ ಒರಗಿದ್ರು. ನಾ ನರ್ಸ್ ಅದೇನ್ರಿ, ಬಿದ್ರು ಅಂತ ಓಡಿದೆ. ಬೀಳಲಿಲ್ಲ."

ಅವರು ಹೋದ ಮೇಲೆ ನನ್ನ ಅನಾಹುತ ಬೆಳಕಿಗೆ ಬಂತು. ಆ ಕೊನೆಯ ಫೋಟೋ ತೆಗೆದ ಫೋನು ಹಿಂದೆಯೇ ಕೆಟ್ಟಿತ್ತೆಂದು ಗ್ರೇಸ್ ಹೇಳಿದ್ದರು. ಉಳಿದದ್ದು ಪೆನ್ ಡ್ರೈವಿನ ಚಿತ್ರ ಒಂದೇ. ನಾನು ಅದರ ಮೇಲೇ ಕೆಲಸ ಮಾಡಿ ಅದೇ ಹೆಸರಿನಲ್ಲಿ ಸೇವ್ ಮಾಡಿದ್ದೆ. ಏನಾದರೂ ಕಳೆದೀತೆಂಬ ಭಯದಿಂದ ಮೂರು ಕಡೆ ತಾನಾಗಿ ನಕಲಾಗುವ ಏರ್ಪಾಡು ಮಾಡಿಕೊಂಡವನು ನಾನೇ. ಮೂರೂ ಕಡೆ ನನ್ನ ತಿದ್ದುಪಡಿಯೇ ಭದ್ರವಾಗಿ ಕೂತಿತ್ತು. ಜಾಗ್ರತೆಯಿಂದ ಒಬ್ಬ ಹುಡುಗನನ್ನು ನಾಲ್ಕು ಸಲ ಅಳಿಸಿದ್ದೆ.

ಇನ್ನು ಗತಿಯೆಂದರೆ, ತಿದ್ದುವ ಮೊದಲೇ ತೆಗೆದು ಕೆಲಸದ ಲಕೋಟೆಗೆ ಅಂಟಿಸಿದ್ದ ಎರಡಿಂಚಿನ ಗುರುತಿನ ಪ್ರಿಂಟು. ಶನಿವಾರ ಬೆಳಿಗ್ಗೆಯಿಂದ ಅದನ್ನು ಮುಂದಿಟ್ಟುಕೊಂಡು ಕೂತೆ. ಅದರ ಹಿಂದಿನ ವರ್ಷದ ಫೋಟೋದಿಂದ ಚಾಚಿದ ಕೈ ತಂದೆ, ಮೆಟ್ಟಿಲಿನ ಖಾಲಿ ಜಾಗ ತಂದೆ. ಏನೂ ಇಲ್ಲದ್ದನ್ನು ಅಷ್ಟು ಜೋಪಾನವಾಗಿ ಕತ್ತರಿಸಿ ಅಂಟಿಸಿದವನು ಪುಣೆಯಲ್ಲಿ ನಾನೊಬ್ಬನೇ ಇರಬೇಕು. ಮೊದಲು ಮುದುಕರನ್ನು ವಾಲಿಸಿದೆ. ದೇಹದ ಭಾರವೆಲ್ಲ ಪಾದಗಳ ಹೊರಗಿತ್ತು. ಇನ್ನೇನು ಬಿದ್ದರು ಎನ್ನುವಂತೆ ಕಂಡಿತು. ಆಮೇಲೆ ಖಾಲಿ ಜಾಗವನ್ನು ಪಕ್ಕಕ್ಕೆ ಕೂರಿಸಿದೆ.

ಬೀಳುವವರಂತೆ ಕಾಣಲಿಲ್ಲ. ಆರಾಮವಾಗಿ ಒರಗಿದ್ದರು. ಕುರ್ಚಿ ಹಿಂದೆ ಸರಿಸಿ, ಎದ್ದುಹೋಗಿ ನೀರು ಕುಡಿದು ಬಂದು ಮತ್ತೆ ನೋಡಿದೆ. ಹಾಗೆಯೇ ಇದ್ದರು.

ಭಾನುವಾರ ಆ ಫೋಟೋ ವೇದಿಯ ಮುಂದೆ ನಿಂತಿತು. ಸುಗುಣಾಬಾಯಿ ಹತ್ತಿರ ಹೋಗಿ ಗಂಡನ ಮುಖ ಮುಟ್ಟಲಿಲ್ಲ. ಪಕ್ಕದ ಖಾಲಿ ಜಾಗದಲ್ಲಿ, ಭುಜವಿರಬೇಕಾದ ಎತ್ತರದಲ್ಲಿ ಎರಡು ಬೆರಳಿಟ್ಟು, ಧೂಳು ಕೊಡವುವಂತೆ ಸವರಿದರು. ನನ್ನ ಕಡೆ ತಿರುಗಿ, "ಬಂದಾನ" ಎಂದರು.

ಹದಿನೈದು ದಿನಕ್ಕೆ ಕ್ರಿಸ್ಮಸ್. ಆ ವರ್ಷದ ಫೋಟೋ ತೆಗೆಯಲು ನನ್ನನ್ನೇ ಕರೆದರು. ಮೆಟ್ಟಿಲ ಮೇಲೆ ಎಂಟು ಮಂದಿ. ಅಜ್ಜಿಯ ಎಡಕ್ಕೆ ಇಬ್ಬರು ನಿಲ್ಲುವಷ್ಟು ಜಾಗ. "ಸರಕೊಳ್ರಿ, ಹತ್ರ ನಿಂದರ್ರಿ" ಎಂಬ, ಇಪ್ಪತ್ತೆರಡು ವರ್ಷದ ಕಸುಬಿನ ಮಾತು ನಾಲಗೆಗೆ ಬಂದಿತ್ತು, ನುಂಗಿಕೊಂಡೆ. ಅಜ್ಜಿ ಕೋಲನ್ನು ಮಗಳ ಕೈಗೆ ಕೊಟ್ಟು ಎಡಕ್ಕೆ ಒರಗಿದರು. ಗ್ರೇಸ್ ಒಂದು ಹೆಜ್ಜೆ ಮುಂದಿಟ್ಟು ನಿಂತುಬಿಟ್ಟರು. ನಾನು ಕ್ಯಾಮೆರಾವನ್ನು ಎರಡು ಹೆಜ್ಜೆ ಹಿಂದೆ ಒಯ್ದು, ಹತ್ತು ಮಂದಿಗೆ ಆಗುವಷ್ಟು ಚೌಕಟ್ಟು ಬಿಟ್ಟು ಗುಂಡಿ ಒತ್ತಿದೆ.

ವಾಲಿದ್ದನ್ನೆಲ್ಲ ನೆಟ್ಟಗೆ ಮಾಡುವುದೇ ಕೆಲಸ ಎಂದುಕೊಂಡಿದ್ದೆ. ಈಗ ವಾಲಿದ ಮನುಷ್ಯ ಕಂಡರೆ ಮೊದಲು ಮನೆಯವರಿಗೆ ಫೋನ್ ಮಾಡಿ, ಇವರು ಯಾರಿಗೆ ಒರಗಿದ್ದಾರೆ ಎಂದು ಕೇಳುತ್ತೇನೆ. ಎಷ್ಟೋ ಜನ ನಗುತ್ತಾರೆ. ಕೆಲವರು ಮಾತ್ರ ಒಂದು ಹೆಸರು ಹೇಳುತ್ತಾರೆ.