ಹಸಿರು ಜಗ್ಗು

ಸೋಪಿನಣ್ಣನ ಅಂಗಡಿಯಲ್ಲಿ ಸಾಲ ಸಿಗುತ್ತಿತ್ತು, ಸುಳ್ಳು ಸಿಗುತ್ತಿರಲಿಲ್ಲ. ಹಾಗಂತ ಅವನೇ ಹೇಳಿಕೊಳ್ಳುತ್ತಿದ್ದ. ವ್ಯಾಪಾರಿ ತನ್ನ ಬಗ್ಗೆ ಹೇಳಿದ್ದರಲ್ಲಿ ಅರ್ಧ ಕಳೆದು ನಂಬಬೇಕು. ಗಿರಾಕಿಗಳು ಮಾತ್ರ ತನ್ನನ್ನು ಪೂರ್ತಿ ನಂಬಿದ್ದಾರೆ ಎಂದು ಅವನ ಎಣಿಕೆ.

ಬಟ್ಟೆ ಒಗೆಯುವ ಪುಡಿಯ ದೊಡ್ಡ ಪ್ಯಾಕೆಟ್ಟಿಗೆ ನೀರಿನ ಜಗ್ಗು ಫ್ರೀ ಎಂದು ಗೋಡೆಯ ಪೋಸ್ಟರು ಹೇಳುತ್ತಿತ್ತು. ಹಸಿರು ಜಗ್ಗು, ಹಳದಿ ಮುಚ್ಚಳ. ಜಗ್ಗು ಮಾತ್ರ ಬರಲಿಲ್ಲ. ಕಂಪನಿಯವರು ಕಳಿಸಿಲ್ಲ ಎಂದು ಸೋಪಿನಣ್ಣ ಎಲ್ಲರಿಗೂ ಹೇಳಿದ. ಅವನಿಗೆ ಹಾಗೆ ಹೇಳಿದವನು ಹೆಂಡತಿಯ ತಮ್ಮ. ಗೋದಾಮಿನ ಬೀಗದ ಕೈ ಇದ್ದದ್ದು ಅವನ ಸೊಂಟದಲ್ಲಿ.

ಜಗ್ಗು ಬಂದಿದೆ ಎಂದು ಹಟ ಹಿಡಿದವನು ಕಂಪನಿಯ ಸೇಲ್ಸ್‌ಮ್ಯಾನ್. "ಒಂದ್ಸಲ ಗೋದಾಮು ನೀವೇ ನೋಡಿ ಅಣ್ಣ," ಎಂದ. ಭಾವಮೈದುನನತ್ತ ಬೊಟ್ಟು ಮಾಡುತ್ತಾನಲ್ಲ ಎಂದು ಸೋಪಿನಣ್ಣನಿಗೆ ರೇಗಿತು. ಗಿರಾಕಿಗಳೆದುರೇ ಪೋಸ್ಟರು ಕಿತ್ತು ಅವನ ಕೈಗೆ ತುರುಕಿ, ಕಳ್ಳನಿಗೊಂದು ಪಿಳ್ಳೆ ನೆವ ಎಂದ. ಸೇಲ್ಸ್‌ಮ್ಯಾನ್ ಅದನ್ನು ನೀಟಾಗಿ ಮಡಚಿಕೊಂಡು ಹೋದ. ಆಮೇಲೆ ಆರ್ಡರಿಗೆ ಬೇರೆಯವನು ಬರತೊಡಗಿದ.

ಮನೆಯ ಹಳೇ ಜಗ್ಗು ಸೀಳು ಬಿಟ್ಟ ದಿನ ಹೆಂಡತಿ ಅಟ್ಟದಿಂದ ಹೊಸದನ್ನು ಇಳಿಸಿದಳು. ಊಟಕ್ಕೆ ಕೂತವನ ಮುಂದೆ ಹಸಿರು ಜಗ್ಗು, ಹಳದಿ ಮುಚ್ಚಳ. ನೀರು ಚೆಲ್ಲಿ ಬೋರಲು ಹಾಕಿ ನೋಡಿದ. ತಳವನ್ನು ಉಪ್ಪುಕಾಗದದಲ್ಲಿ ಉಜ್ಜಿದ್ದರು. ಉಬ್ಬಿದ ಅಕ್ಷರ ಪೂರ್ತಿ ಸವೆದಿರಲಿಲ್ಲ: 'ಮಾರಾಟಕ್ಕಲ್ಲ'.

"ತಮ್ಮ ತಂದ್ಕೊಟ್ಟ ಕಣ್ರೀ," ಎಂದಳು ಅವಳು. "ಸಂತೇಲಿ ರೇಟು ಜಾಸ್ತಿಯಂತೆ, ಅಕ್ಕ ಅಂತ ನನಗೆ ಕಮ್ಮಿ ಮಾಡಿದ."

ಅವಳು ಕೊಟ್ಟದ್ದು ಸೋಪಿನಣ್ಣನ ದುಡ್ಡೇ. ಒಡಹುಟ್ಟಿದವಳಿಗೂ ಪುಕ್ಕಟೆ ಕೊಡದವನು ಹುಟ್ಟಾ ವ್ಯಾಪಾರಿ. ಇಂಥವನನ್ನು ಗೋದಾಮಿನಲ್ಲಿ ಕೊಳೆಹಾಕಿದ್ದೇ ತಪ್ಪಾಯಿತು. ನಗು ಬರಬೇಕಿತ್ತು. ತಟ್ಟೆ ಸರಿಸಿ ಎದ್ದ.

ಬೆಳಿಗ್ಗೆ ಕೇಳಿದರೆ ಭಾವಮೈದುನ ತಡವರಿಸಲೂ ಇಲ್ಲ. "ಫ್ರೀ ಬಂದದ್ದು ಭಾವ. ಯಾರಪ್ಪನ ಗಂಟು ಹೋಯ್ತು?"

"ಪುಡಿ ಕೊಂಡವರ ಗಂಟು. ಜಗ್ಗಿನ ಬೆಲೆ ಪುಡಿಯೊಳಗೇ ಇತ್ತು. ಅವರದ್ದನ್ನ ಕದ್ದು ಅವರಿಗೇ ಮಾರಿದೆ. ನಾನು ನಿನ್ನ ಪರ ಸಾಕ್ಷಿ ಹೇಳ್ಕೊಂಡು ಕೂತೆ."

ಭಾವಮೈದುನ ದನಿ ತಗ್ಗಿಸಿದ, ಒಳ್ಳೆಯದನ್ನೇ ಬಯಸುವವನ ಹಾಗೆ. "ಮೆಲ್ಲಗೆ ಭಾವ. ಗೋದಾಮು, ಲೈಸೆನ್ಸು ಎರಡೂ ನಿಮ್ಮ ಹೆಸರಲ್ಲಿವೆ. ಕೇಸಾದರೆ ನಿಮ್ಮ ಮೇಲೇ."

ಸೋಪಿನಣ್ಣ ಕೈ ಚಾಚಿದ. ಬೀಗದ ಕೈ ಅಂಗೈಗೆ ಬಿತ್ತು.

ಅಲ್ಲಿಂದ ನೇರ ಸೇಲ್ಸ್‌ಮ್ಯಾನನ ಮನೆಗೆ ಹೋಗಿ ತಪ್ಪಾಯಿತೆಂದ. ಅವನು ಒಳಗೆ ಕರೆಯಲಿಲ್ಲ. "ಬೈದದ್ದು ಗಿರಾಕಿಗಳೆದುರು. ತಪ್ಪಾಯ್ತು ಅನ್ನೋದು ನಮ್ಮನೆ ಬಾಗಿಲಲ್ಲಿ ಮಾತ್ರನಾ, ಅಣ್ಣ?"

ನ್ಯಾಯವಾದ ಮಾತು. ಸೋಪಿನಣ್ಣ ಜಗ್ಗನ್ನು ಅಂಗಡಿಯ ಗಲ್ಲಾದ ಪಕ್ಕ ಇಟ್ಟುಕೊಂಡು ಕೂತ. ಮೊದಲು ಬಂದವಳು ಎದುರುಮನೆಯ ಹೊಲಿಗೆಯಮ್ಮ, ಅಂಗಡಿ ತೆರೆದಂದಿನಿಂದ ಅವನಲ್ಲೇ ಕೊಳ್ಳುವವಳು. ಕಂಪನಿ ಕಳಿಸಿತ್ತು, ಮಾರಿಕೊಂಡವನು ನಮ್ಮ ಮನೆಯವನೇ, ಸೇಲ್ಸ್‌ಮ್ಯಾನನದು ತಪ್ಪಿಲ್ಲ ಎಂದು ಕಷ್ಟಪಟ್ಟು ಹೇಳಿ ಮುಗಿಸಿದ.

ಹೊಲಿಗೆಯಮ್ಮ ಜಗ್ಗನ್ನು ತಿರುಗಿಸಿ ನೋಡಿದಳು. "ಗೊತ್ತಿತ್ತಲ್ಲಪ್ಪ. ಸಂತೇಲಿ ನಿನ್ನ ಭಾವಮೈದುನನ ಹತ್ರಾನೇ ನಾನೂ ಒಂದು ತಗೊಂಡೆ. ಬೀದಿಗೆಲ್ಲ ಗೊತ್ತು."

"ಮತ್ತೆ ನನಗೊಂದು ಮಾತು ಹೇಳಬಾರದಿತ್ತಾ?"

"ನಿನಗೂ ಪಾಲಿದೆ ಅಂದ್ಕೊಂಡಿದ್ವಿ," ಎಂದಳು ಅವಳು, ಪುಡಿಯ ಪ್ಯಾಕೆಟ್ಟನ್ನು ಚೀಲಕ್ಕೆ ಹಾಕಿಕೊಳ್ಳುತ್ತ.