ಪಕ್ಕದ ಪರದೆ

ಆಲ್ಬಮ್ ಮಾಡುವ ಸಾಫ್ಟ್‌ವೇರ್ ತೋರಿಸಲು ಹೊಸದುರ್ಗದ ಸ್ಟುಡಿಯೊ ಒಂದಕ್ಕೆ ಹೋಗಿದ್ದೆ. ನನ್ನ ಲಿನಕ್ಸ್ ಲ್ಯಾಪ್‌ಟಾಪಿಗೆ ಅವರ ಮಾನಿಟರ್ ಜೋಡಿಸಿ, ಮದುವೆಯ ಗ್ರೂಪ್ ಫೋಟೊವನ್ನು ಎರಡೂ ಪರದೆಗೆ ಹರಡಿದೆ. ಪರದೆಗಳನ್ನು ನಡೆಸುವ ಹಾಳು ಗ್ರಾಫಿಕ್ಸ್ ಡ್ರೈವರ್ ತಂತ್ರಾಂಶ ಎಡಬಲದ ಪರದೆಗಳನ್ನು ಅದಲುಬದಲು ಮಾಡಿತ್ತು. ಹೆಣ್ಣು ಆ ತುದಿ, ಗಂಡು ಈ ತುದಿ, ನಡುವೆ ಬರೀ ನೆಂಟರು.

“ಧಾರೆ ಆದ್ಮೇಲೆ ಹುಡುಗಿ ಗಂಡಿನ ಎಡಪಕ್ಕ ನಿಲ್ಬೇಕು ಕಣ್ರೀ. ನೀವು ಸಂಸಾರನೇ ಒಡೆದ್ರಲ್ಲ!” ಎಂದರು ಮಾಲೀಕರು.

ಸೆಟ್ಟಿಂಗ್ ಫೈಲಿನಲ್ಲಿ ಒಂದು ಸಾಲು ತಿದ್ದಿದೆ. ಇಬ್ಬರೂ ಪಕ್ಕಪಕ್ಕ ಬಂದರು.

“ಈಗ ನಿಮ್ ಮದ್ವೆದು ಹಾಕ್ರಿ, ನೋಡಾಣ.”

“ನನಗಿನ್ನೂ ಆಗಿಲ್ಲ.”

“ಹಂಗಾರೆ ನಿಮಗೆ ಒಂದೇ ಸ್ಕ್ರೀನ್ ಸಾಕು ಬಿಡ್ರಿ!” ಅವರು ನಕ್ಕರು, ನಾನೂ ನಕ್ಕೆ.

ಸಂಜೆ ಲಾಡ್ಜಿನಲ್ಲಿ ಲ್ಯಾಪ್‌ಟಾಪ್ ತೆರೆದರೆ ಮೌಸಿನ ಬಾಣ ಅಂಚು ದಾಟಿ ಮಾಯವಾಯಿತು. ನನ್ನ ಪಕ್ಕ ಇನ್ನೊಂದು ಪರದೆ ಇದೆ ಅಂತಲೇ ಡ್ರೈವರ್ ನಂಬಿಕೊಂಡಿತ್ತು. ನಾನು ತಿದ್ದಲು ಹೋಗಲಿಲ್ಲ.