ದೋಸೆಯ ಮುಂದೆ ಭಾವನ ಇಂಗ್ಲಿಷ್

"ವೇಟರ್, ದಿಸ್ ಸೂಪ್ ಈಸ್ ಕೋಲ್ಡ್" ಅಂದೇಬಿಟ್ಟರು ನಮ್ಮ ಭಾವ, ಕೋಲಾರದ ಹೋಟೆಲಿನಲ್ಲಿ, ಬಿಸಿಬಿಸಿ ದೋಸೆ ಮುಂದಿಟ್ಟುಕೊಂಡು. ಮದುವೆಯಾಗಿ ಇನ್ನೂ ತಿಂಗಳಾಗಿರಲಿಲ್ಲ, ಎದುರಿಗೆ ಅಕ್ಕ ಕೂತಿದ್ದಳು. ಸೂಪ್ ತಣ್ಣಗಿದೆ ಅನ್ನುವ ಆ ದೂರೊಂದೇ ಅವರಿಗೆ ಬಾಯಿಪಾಠವಾಗಿದ್ದ ಇಂಗ್ಲಿಷ್. ಮುಳಬಾಗಿಲಿನಿಂದ ಆಗಿನ ಇದ್ದಿಲಿನಿಂದ ಓಡುವ ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಪುಸ್ತಕ ಹಿಡಿದು ಪಾಠ ಒಪ್ಪಿಸಿಕೊಂಡವಳು ನಾನೇ.

ಹೋಟೆಲಿನ ಯಜಮಾನರು ಗಲ್ಲಾ ಬಿಟ್ಟು ಓಡಿಬಂದರು. ನಾನು ಪುಸ್ತಕವನ್ನು ಬೆನ್ನ ಹಿಂದೆ ಬಚ್ಚಿಟ್ಟೆ.

"ನಮ್ಮ ದೋಸೇನ ಇಂಗ್ಲಿಷಲ್ಲಿ ಹೊಗಳಿದೋರು ನೀವೇ ಮೊದಲು. ಇನ್ನೊಂದ್ಸಲ ಅನ್ನಿ ಸಾಮಿ, ಒಳಗಡೆ ಭಟ್ರಿಗೂ ಕೇಳ್ಲಿ."

ಭಾವ ಎದ್ದು ನಿಂತು ಇನ್ನೂ ಜೋರಾಗಿ ಅಂದರು. ಭಟ್ಟರು ಕೈಮುಗಿದುಕೊಂಡೇ ಬಂದು ಮೂವರ ಎಲೆಗೂ ಬೆಣ್ಣೆ ಹಾಕಿದರು.

ಈಗಲೂ ಅಕ್ಕನ ಸಾರು ಹದವಾಗಿದ್ದರೆ ಭಾವ ಅದೇ ಮಾತು ಹೇಳುತ್ತಾರೆ. ಅಕ್ಕ ನಾಚಿಕೊಂಡು ಇನ್ನೊಂದು ಸೌಟು ಬಡಿಸುತ್ತಾಳೆ. ಅದರ ಅರ್ಥ ಇಬ್ಬರಿಗೂ ನಾನಿನ್ನೂ ಹೇಳಿಲ್ಲ.